ಗೆರೆಯ ಕೆಳಗಿನ ಜಾಗ

ಅಂಗಡಿಯ ಬೋರ್ಡು ಕಂಡರೆ ಒಂದು ಕಣ್ಣು ಮುಚ್ಚುವ ದುರಭ್ಯಾಸ ನನಗಿದೆ. ಕಣ್ಣು ಮುಚ್ಚಿ, ಕೈ ಮುಂದೆ ಚಾಚಿ, ಹೆಬ್ಬೆರಳನ್ನು ನೆಟ್ಟಗೆ ನಿಲ್ಲಿಸಿ, ಅಕ್ಷರದ ಎತ್ತರವೆಷ್ಟು, ನಡುವಣ ಅಂತರವೆಷ್ಟು ಎಂದು ಅಳೆದು, ಮನಸ್ಸಿನಲ್ಲೇ ಹತ್ತಕ್ಕೆ ಇಂತಿಷ್ಟೆಂದು ಅಂಕ ಕೊಟ್ಟು ಮುಗಿಸುವವರೆಗೂ ನನಗೆ ಸಮಾಧಾನವಿಲ್ಲ. ನಮ್ಮೂರು ಯಲಹಂಕದ ಸ್ಟೇಷನ್ನಿನಲ್ಲಿ ಬೆಳಗಿನ ರೈಲಿಗೆ ಕಾಯುತ್ತ ಒಮ್ಮೆ ಹೀಗೆ ನಿಂತಿದ್ದಾಗ, ಎದುರಿನ ಕಾಫಿ ಹೋಟೆಲಿನ ಯಜಮಾನರು, ಯಾರೋ ಹೆಣ್ಣುಮಗಳು ತಮ್ಮತ್ತ ಕಣ್ಣು ಹೊಡೆದು ಹೆಬ್ಬೆರಳು ತೋರಿಸುತ್ತಿದ್ದಾಳೆಂದು ಗಾಬರಿಬಿದ್ದು ಒಳಗೆ ಓಡಿ ಹೆಂಡತಿಯನ್ನು ಕರೆತಂದರು. ನಾನು ಅವರ ಬೋರ್ಡಿಗೆ ಹತ್ತಕ್ಕೆ ಎರಡು ಕೊಟ್ಟು ರೈಲು ಹತ್ತಿದೆ.

ಯಶವಂತಪುರದ ಬಳಿಯ ಒಂದು ಕಲಾಶಾಲೆಯಲ್ಲಿ ನಾನು ಕಮರ್ಷಿಯಲ್ ಆರ್ಟಿನ ಮೂರನೆಯ ವರ್ಷದ ವಿದ್ಯಾರ್ಥಿನಿ. ಹಾಗೆಂದರೇನೆಂದು ನಮ್ಮೂರಿನಲ್ಲಿ ಕೇಳದವರಿಲ್ಲ, ನಾನು ವಿವರಿಸಿದ ಮೇಲೆ ತಿಳಿದುಕೊಂಡವರೂ ಇಲ್ಲ. ಸೋಪಿಗೆ ಸುತ್ತಿದ ಕಾಗದ, ಬೆಂಕಿಪೊಟ್ಟಣದ ಚೀಟಿ, ಸಿನಿಮಾದ ಪೋಸ್ಟರು, ಇವನ್ನೆಲ್ಲ ಅಚ್ಚಾಗುವ ಮೊದಲು ಯಾರೋ ಒಬ್ಬರು ಕೈಯಲ್ಲಿ ಬರೆದಿರುತ್ತಾರಲ್ಲ, ಆ ಯಾರೋ ಒಬ್ಬರಾಗುವ ವಿದ್ಯೆ ಇದು ಎಂದರೆ, ಪಕ್ಕದ ಮನೆಯಾಕೆ, "ಅದಕ್ಕೂ ಕಾಲೇಜಾ? ರೈಲಲ್ಲಿ ಬೇರೆ ಹೋಗ್ಬೇಕಾ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸಿದರು. ನಿಜ ಹೇಳಬೇಕೆಂದರೆ, ಇಂಜಿನ್ನಿನ ಕಲ್ಲಿದ್ದಲ ಕರಿಯನ್ನು ಮುಖಕ್ಕೂ ಇಂಡಿಯನ್ ಇಂಕಿನ ಕರಿಯನ್ನು ಸೆರಗಿಗೂ ಬಳಿದುಕೊಂಡು ಸಂಜೆ ಮನೆಗೆ ಬರುವ ನನ್ನನ್ನು ಕಂಡವರಿಗೆ ಇದೊಂದು ಲಲಿತಕಲೆಯೆಂಬ ಅನುಮಾನ ಬರುವುದೂ ಕಷ್ಟ.

ನಮ್ಮ ಶಾಲೆಯಲ್ಲೊಂದು ಸಂಪ್ರದಾಯವಿದೆ. ಬೇರೆ ಕಡೆ ವಿದ್ಯಾರ್ಥಿಯ ಪ್ರಗತಿಯನ್ನು ಮೇಷ್ಟ್ರು ಬರೆಯುತ್ತಾರೆ. ನಮ್ಮಲ್ಲಿ ವಿದ್ಯಾರ್ಥಿಯೇ ಬರೆದುಕೊಳ್ಳಬೇಕು. ದಸರಾ ರಜೆಗೆ ಮುನ್ನ ಒಂದು, ಬೇಸಿಗೆ ರಜೆಗೆ ಮುನ್ನ ಒಂದು, ಅರ್ಧ ಡ್ರಾಯಿಂಗ್ ಶೀಟಿನ ಮೇಲೆ, ಕುಂಚದಲ್ಲಿ, ಅಚ್ಚಿನಂಥ ಅಕ್ಷರಗಳಲ್ಲಿ 'ನನ್ನ ಪ್ರಗತಿ' ಎಂದು ಆತ್ಮಶೋಧನೆ ಮಾಡಿ ಮೇಷ್ಟ್ರಿಗೆ ಒಪ್ಪಿಸಬೇಕು. ಅದಕ್ಕೂ ಹತ್ತು ಅಂಕ. ಆತ್ಮಶೋಧನೆಗೆ ಅಂಕ ಇಟ್ಟರೆ ಮನುಷ್ಯ ಎಂಥ ಸುಳ್ಳುಬುರುಕನಾಗುತ್ತಾನೆ ಎನ್ನುವುದಕ್ಕೆ ನನ್ನ ಹಳೆಯ ಶೀಟುಗಳೇ ಸಾಕ್ಷಿ. ಮೊದಲ ವರ್ಷದ್ದರಲ್ಲಿ 'ರೇಖೆಯ ಅಂತರಾತ್ಮವನ್ನು ಅರಿತೆ' ಎಂದಿದೆ. ಆ ವರ್ಷ ನಾನು ಅರಿತದ್ದು, ಇಂಡಿಯನ್ ಇಂಕು ಎಷ್ಟು ಒಗೆದರೂ ಬಟ್ಟೆ ಬಿಡುವುದಿಲ್ಲ ಎಂಬುದೊಂದನ್ನೇ. ಎರಡನೆಯ ವರ್ಷದ್ದು ಇನ್ನೂ ಘನತರವಾದದ್ದು: 'ನಮ್ಮ ಬೀದಿಗಳ ಫಲಕಗಳಲ್ಲಿ ತಾಂಡವವಾಡುತ್ತಿರುವ ಅಶಿಸ್ತನ್ನು ನಿರ್ಮೂಲ ಮಾಡುವುದೇ ನನ್ನ ಬಾಳಿನ ಗುರಿ.' ಹತ್ತಕ್ಕೆ ಒಂಬತ್ತು ಬಂತು. ಈಗ ಅದನ್ನು ಓದಿದರೆ ನನ್ನ ಕಪಾಳಕ್ಕೆ ನಾನೇ ಎರಡು ಬಿಗಿಯಬೇಕೆನಿಸುತ್ತದೆ.

ಆ ಒಂಬತ್ತನ್ನು ಕೊಟ್ಟವರು ನಮ್ಮ ಲೆಟರಿಂಗ್ ಮೇಷ್ಟ್ರು. ಬೇಸಿಗೆಯಲ್ಲೂ ಕೋಟು ಬಿಚ್ಚದ, ವಿಲಾಯಿತಿ ಪತ್ರಿಕೆಗಳ ಹಳೆಯ ಕಟ್ಟುಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ, ದೇವರ ಪೆಟ್ಟಿಗೆ ತೆಗೆದ ಹಾಗೆ ವಾರಕ್ಕೊಮ್ಮೆ ತೆಗೆದು ತೋರಿಸುವ ಭಕ್ತರು. ಅಕ್ಷರವೆಂದರೆ ಎರಡು ಗೆರೆಗಳ ನಡುವಣ ಶಿಸ್ತು ಎನ್ನುವುದು ಅವರ ಏಕಮಾತ್ರ ಸಿದ್ಧಾಂತ. ಮೇಲೊಂದು ಗೆರೆ, ಕೆಳಗೊಂದು ಗೆರೆ. ಇಂಗ್ಲಿಷಿನ ದೊಡ್ಡಕ್ಷರಗಳು ಅವುಗಳ ನಡುವೆ ಕವಾಯತಿನ ಸಿಪಾಯಿಗಳಂತೆ ನಿಲ್ಲುವುದನ್ನು ತೋರಿಸಿ ಅವರು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಕನ್ನಡದ ವಿಷಯ ಬಂದರೆ ಮೂಗು ಮುರಿಯುತ್ತಿದ್ದರು. "ಎಲ್ಲಾ ಬರೀ ಹೊಟ್ಟೆ. ಸಾಲದ್ದಕ್ಕೆ ಕೆಳಗೆ ಬಾಲ," ಎನ್ನುತ್ತಿದ್ದರು, ಮತ್ತು ನಾವು ಹನ್ನೊಂದು ಜನ, ಸ್ಲೇಟು ಹಿಡಿದ ದಿನದಿಂದ ಆ ಹೊಟ್ಟೆಬಾಲಗಳನ್ನೇ ತಿದ್ದಿ ದೊಡ್ಡವರಾದವರು, ಹಿಹಿಹಿ ಎಂದು ನಗುತ್ತಿದ್ದೆವು. ಆ ನಗುವಿನಲ್ಲಿ ನನ್ನದೇ ಎಲ್ಲಕ್ಕಿಂತ ಗಟ್ಟಿ.

ಇಂಥ ಸುಮುಹೂರ್ತದಲ್ಲಿ ದೊಡ್ಡಬಳ್ಳಾಪುರದಿಂದ ನಮ್ಮ ಚಿಕ್ಕಮ್ಮ ಬಂದಳು. ಅಮ್ಮನ ತಂಗಿ, ಹೆಸರು ಪುಟ್ಟಲಕ್ಷ್ಮಮ್ಮ. ಗಂಡ ತೀರಿಕೊಂಡ ಮೇಲೆ ಆರು ವರ್ಷ ಮೈದುನನ ಮನೆಯ ಒಲೆಯ ಮುಂದೆ ಕೂತು, ಬಡಿಸಿದ್ದಕ್ಕೆ ಉಪ್ಪು ಸಾಲದೆಂದೂ ಉಳಿದದ್ದಕ್ಕೆ ಹೆಚ್ಚಾಯಿತೆಂದೂ ಅನ್ನಿಸಿಕೊಂಡು ಸಾಕಾಗಿ, ತನ್ನ ಹೊಲಿಗೆ ಮಿಷನ್ನನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ಬಂದುಬಿಟ್ಟಿದ್ದಳು. ಸ್ಟೇಷನ್ ರಸ್ತೆಯಲ್ಲಿ ಒಂದು ಕೋಣೆ ಹಿಡಿದು ಹೆಂಗಸರ ಬಟ್ಟೆ ಹೊಲಿಯುವುದೆಂದು ತೀರ್ಮಾನವಾಯಿತು. ಹೊರಡುವಾಗ ಮೈದುನನಿಗೆ ಮಾತು ಕೊಟ್ಟು ಬಂದಿದ್ದಳು: ಗೌರಿ ಹಬ್ಬದ ಹೊತ್ತಿಗೆ ಕೈಗೆ ಕೆಲಸ ಹತ್ತದಿದ್ದರೆ ವಾಪಸು ಬಂದು ಒಲೆ ಹಚ್ಚುತ್ತೇನೆ ಎಂದು. ಗೌರಿ ಹಬ್ಬಕ್ಕೆ ರವಿಕೆ ಹೊಲಿಸದ ಹೆಂಗಸುಂಟೇ ಎನ್ನುವುದು ಅವಳ ಧೈರ್ಯ.

ನಾನಿರುವಾಗ ಬೋರ್ಡು ಯಾರು ಬರೆಯಬೇಕು ಎಂಬ ಪ್ರಶ್ನೆಯೇ ನನಗೆ ಏಳಲಿಲ್ಲ. ಸಂತೆ ಮೈದಾನದ ಮೂಲೆಯಲ್ಲಿ ರಹೀಮ್ ಸಾಹೇಬರೆಂಬವರು ಇದ್ದರು. ಎತ್ತಿನ ಗಾಡಿಯಿಂದ ಹಿಡಿದು ಕಾಫಿ ಹೋಟೆಲಿನವರೆಗೆ ಊರಿನ ಸಮಸ್ತ ಬರವಣಿಗೆಯೂ ಅವರ ಕುಂಚದ್ದೇ. ಅಪ್ಪ ಅವರ ಹೆಸರೆತ್ತಿದಾಗ ನಾನು ಹಾವು ತುಳಿದವಳಂತೆ ಹಾರಿಬಿದ್ದೆ. ಕೆಂಪು ಅಕ್ಷರ, ಹಳದಿ ಅಂಚು, ಕರಿಯ ನೆರಳು! ನಾನು ನಿರ್ಮೂಲ ಮಾಡಹೊರಟ ಅಶಿಸ್ತಿನ ಮೂಲಪುರುಷರೇ ಅವರು.

ತಗಡಿನ ಮೇಲೆ ನಾನು ಸಾಲಿಗೆ ಎರಡೇ ಗೆರೆ ಎಳೆದೆ. ಅವುಗಳ ನಡುವೆ ಚಿಕ್ಕಮ್ಮನ ಹೆಸರು ನಿಲ್ಲಬೇಕು. ನೀವೇ ಒಮ್ಮೆ ಬರೆದು ನೋಡಿ: ಪುಟ್ಟಲಕ್ಷ್ಮಮ್ಮ. ಐದಕ್ಷರದಲ್ಲಿ ಮೂರಕ್ಕೆ ಒತ್ತು. ಅದರ ಕೆಳಗಿನ ಸಾಲು, ಹೆಣ್ಣುಮಕ್ಕಳ ಬಟ್ಟೆ ಹೊಲಿಯುವ ಅಂಗಡಿ, ಅಲ್ಲೂ ಮೂರು. ಗೆರೆ ದಾಟಿ ಕೆಳಗಿಳಿಯುವುದು ನನ್ನ ಸಿದ್ಧಾಂತಕ್ಕೆ ನಿಷಿದ್ಧವಾದ್ದರಿಂದ, ಪ್ರತಿಯೊಂದು ಒತ್ತನ್ನೂ ಎತ್ತಿ ಅಕ್ಷರದ ಮಡಿಲಿಗೇ ತುರುಕಿದೆ. ಒತ್ತಿಗೆ ಜಾಗ ಮಾಡಲು ಅಕ್ಷರವನ್ನು ಕುಗ್ಗಿಸಿದೆ. ಕುಗ್ಗಿದ ಅಕ್ಷರ ಪಕ್ಕದ ಅಕ್ಷರಕ್ಕೆ ಹೊಂದಲಿಲ್ಲವೆಂದು ಅದನ್ನೂ ಅಮುಕಿದೆ. ಸಂತೆ ದಿನದ ಬಸ್ಸಿನಂತೆ ಎಲ್ಲರೂ ಎಲ್ಲರ ಮೈಮೇಲೆ ನಿಂತರು. ಬಣ್ಣವೋ, ತಿಳಿನೀಲಿಯ ಮೇಲೆ ಬೂದಿ. ಅದಕ್ಕೆ ಸಂಯಮವೆಂದು ಹೆಸರು. ತಗಡಿಗೆ ಮೊದಲು ಶಾಲೆಯಲ್ಲಿ ಕಾಗದದ ಮೇಲೆ ಬರೆದು ತೋರಿಸಿದಾಗ ಮೇಷ್ಟ್ರು ಪುಳಕಿತರಾಗಿ, "ಕನ್ನಡ ಇವತ್ತು ಮೊದಲನೇ ಸಲ ನೆಟ್ಟಗೆ ನಿಂತಿದೆ," ಎಂದು ಘೋಷಿಸಿ, ತರಗತಿಗೇ ಮೊದಲ ಬಹುಮಾನ ಕೊಟ್ಟರು. ಆ ಬಹುಮಾನ ಒಂದು ಸೆಟ್ ಸ್ಕ್ವೇರು.

ಜ್ಯೇಷ್ಠದ ಕೊನೆಯಲ್ಲಿ ಬೋರ್ಡು ಏರಿತು. ಹೆಂಗಸರು ಅಳತೆ ಕೊಡುವ ಜಾಗವಾದ್ದರಿಂದ ಬಾಗಿಲಿಗೆ ಪರದೆ ಕಟ್ಟಿದ್ದೆವು. ಒಳಗಿನ ಮಿಷನ್ನು ಬೀದಿಗೆ ಕಾಣುತ್ತಿರಲಿಲ್ಲ. ಆಷಾಢ ಪೂರ್ತಿ ಒಬ್ಬರೂ ಬರಲಿಲ್ಲ. ಆಷಾಢದಲ್ಲಿ ಯಾರಮ್ಮ ಹೊಸ ಬಟ್ಟೆ ಹೊಲಿಸುತ್ತಾರೆ ಎಂದು ಚಿಕ್ಕಮ್ಮ ತಾನೇ ಸಮಾಧಾನ ಹೇಳಿಕೊಂಡಳು. ಶ್ರಾವಣ ಬಂತು. ಅಕ್ಕಪಕ್ಕದ ಮನೆಯವರು ಮುಲಾಜಿಗೆ ಎರಡು ಲಂಗ ಕೊಟ್ಟರು. ಸಂತೆಗೆ ಬರುವ ಹಳ್ಳಿಯ ಹೆಂಗಸರು ಮಾತ್ರ, ಯಾರ ಸಲುವಾಗಿ ಆ ಅಂಗಡಿ ಇಟ್ಟಿದ್ದೋ ಅವರೇ, ಬಗಲಲ್ಲಿ ಬಟ್ಟೆಯ ಗಂಟು ಹಿಡಿದು ಅದೇ ಬಾಗಿಲ ಮುಂದೆ ಹಾದು ಬಸ್ ಸ್ಟ್ಯಾಂಡಿನ ದರ್ಜಿಯ ಬಳಿಗೆ ಹೋಗುತ್ತಿದ್ದರು. ಜನಕ್ಕೆ ಅಭಿರುಚಿಯಿಲ್ಲ ಎಂದು ನಾನು ಊರನ್ನೇ ಶಪಿಸಿದೆ.

ಆಮೇಲೊಂದು ಸಂತೆಯ ದಿನ, ರೈಲು ತಪ್ಪಿಸಿಕೊಂಡು, ಅಂಗಡಿಯ ಎದುರು ಬದಿಯಲ್ಲಿ ನಿಂತು ನನ್ನ ಕೃತಿಯನ್ನು ನಾನೇ ಒಂದು ಕಣ್ಣು ಮುಚ್ಚಿ ಸವಿಯುತ್ತಿದ್ದೆ. ಸರಿಯಾಗಿ ಬೋರ್ಡಿನ ಅಡಿಯಲ್ಲೇ ಒಬ್ಬ ಹೆಂಗಸು ನಿಂತಳು. ಜೊತೆಗೆ ಶಾಲೆಗೆ ಹೋಗುವ ವಯಸ್ಸಿನ ಮಗಳು. ತಲೆಯೆತ್ತಿ ನೋಡಿದರು. ಮಗಳು, ಅಕ್ಷರ ಬಲ್ಲವಳೇ ಇರಬೇಕು, ಬಹಳ ಹೊತ್ತು ದಿಟ್ಟಿಸಿ ಅಮ್ಮನಿಗೆ ಏನೋ ಹೇಳಿ ತಲೆಯಾಡಿಸಿದಳು. ಆ ಹೆಂಗಸು ರಸ್ತೆ ದಾಟಿ ನೇರ ನನ್ನ ಹತ್ತಿರವೇ ಬಂದಳು.

"ಅಮ್ಮಯ್ಯ, ಇಲ್ಲೆಲ್ಲೋ ಒಬ್ಬರು ಎಂಗಸು ರವಿಕೆ ಒಲೀತಾರಂತೆ. ಅದ್ಯಾವ ಮನೆ?"

ನಾನು ಬೋರ್ಡಿನ ಕಡೆ ಕೈ ತೋರಿಸಿದೆ.

"ಅದಾ?" ಎಂದಳು. "ಅದೇನೋ ರಂಗೋಲಿ ಬರ್ದವ್ರಲ್ಲ, ಚೆಂದಾಗೈತೆ. ಒಲಿಯೋರ ಮನೆ ಯಾವುದು ಏಳಮ್ಮ."

ಅದೇ ಮನೆ ಎಂದರೆ ನಂಬದೆ, ಮಗಳ ಕೈ ಹಿಡಿದು ಬಸ್ ಸ್ಟ್ಯಾಂಡಿನ ದರ್ಜಿಯ ಕಡೆ ನಡೆದಳು.

ಒಂದೂವರೆ ತಿಂಗಳು! ನನ್ನ ಶಿಸ್ತಿಗೆ, ನನ್ನ ಸಂಯಮಕ್ಕೆ, ನನ್ನ ಸೆಟ್ ಸ್ಕ್ವೇರಿಗೆ ಬೆಂಕಿ ಬೀಳಲಿ. ಒಳಗೆ ಹೋದರೆ ಚಿಕ್ಕಮ್ಮ ಮಿಷನ್ನಿಗೆ ಗೋಣಿಚೀಲ ಸುತ್ತಿ ಹಗ್ಗ ಕಟ್ಟುತ್ತಿದ್ದಳು. ಹಬ್ಬಕ್ಕೆ ಇನ್ನು ಮೂರು ವಾರ, ಮೈದುನನಿಗೆ ಕಾಗದ ಹಾಕಿ ಆಗಿದೆ ಎಂದಳು. ಬೋರ್ಡು ಯಾರಿಗೂ ಓದಲು ಬರುತ್ತಿಲ್ಲ ಎಂದು ನಾನು ಅಳುತ್ತ ಒದರಿದಾಗ ಅವಳು ಹಗ್ಗದ ಗಂಟಿನಿಂದ ಕಣ್ಣೆತ್ತಲಿಲ್ಲ.

"ನಂಗೂ ಮೊದಲ್ನೇ ದಿನಾನೇ ಓದಕ್ಕಾಗ್ಲಿಲ್ಲ ಕಣೇ. ಪ್ರೈಜ್ ಬಂತು ಅಂದ್ಯಲ್ಲ, ನಂಗೇ ತಿಳಿಯಲ್ಲವೇನೋ ಅಂತ ಸುಮ್ನಿದ್ದೆ."

ಮೂರು ವರ್ಷದಲ್ಲಿ ನನಗೆ ಬಿದ್ದ ಪೆಟ್ಟುಗಳಲ್ಲಿ ಇಷ್ಟು ಮೆತ್ತಗಿನದೂ ಇಷ್ಟು ನೋವಿನದೂ ಇನ್ನೊಂದಿಲ್ಲ. ಕಾಗದ ತಲುಪಿ ಮೈದುನ ಕರೆದೊಯ್ಯಲು ಬರುವಷ್ಟರಲ್ಲಿ ಏನಾದರೂ ಆಗಬೇಕಿತ್ತು. ತಗಡನ್ನು ಬಿಚ್ಚಿಸಿ, ತಲೆ ತಗ್ಗಿಸಿ, ಸಂತೆ ಮೈದಾನದ ಮೂಲೆಗೆ ಹೊತ್ತುಕೊಂಡು ಹೋದೆ.

ರಹೀಮ್ ಸಾಹೇಬರು ನಗುತ್ತಾರೆಂದು ಹೆದರಿದ್ದೆ, ನಗಲಿಲ್ಲ. ತಗಡನ್ನು ಗೋಡೆಗೆ ಒರಗಿಸಿ, ಕನ್ನಡಕ ಹಣೆಗೇರಿಸಿ, ತುಸು ಹೊತ್ತು ನೋಡಿದರು. "ಕೈ ಚೆನ್ನಾಗೈತೆ ಬೇಟಿ. ಗೆರೆ ಒಂಚೂರೂ ಅಲ್ಲಾಡಿಲ್ಲ. ಆದ್ರೆ ಪಾಪ, ಕಾಲಿಡಕ್ಕೇ ಜಾಗ ಬಿಟ್ಟಿಲ್ವಲ್ಲ ನೀವು," ಎಂದರು. ಆಮೇಲೆ ಅವರು ಮಾಡಿದ್ದನ್ನು ನಾನು ಯಾವ ವಿಲಾಯಿತಿ ಪತ್ರಿಕೆಯಲ್ಲೂ ಕಂಡಿಲ್ಲ. ತಗಡಿಗೆ ಬಿಳಿ ಹೊಡೆದು ಒಣಗಿಸಿ, ಸುಣ್ಣಕ್ಕೆ ಬದಲು ಇದ್ದಿಲು ಸವರಿದ ದಾರವನ್ನು ಎಳೆದು ಮೀಟಿ ಸಾಲಿಗೆ ಎರಡಲ್ಲ, ಮೂರು ಗೆರೆ ಮೂಡಿಸಿದರು. ಮೂರನೆಯದು ಎಲ್ಲಕ್ಕಿಂತ ಕೆಳಗಿನದು; ಕೆಲಸ ಶುರುವಾದದ್ದು ಅಲ್ಲಿಂದಲೇ. ಮೊದಲು ಒತ್ತುಗಳನ್ನು ಬರೆದರು! ಹೆಸರಿನ ಮೂರು, ಅಂಗಡಿಯ ಮೂರು, ತಲೆಯಿಲ್ಲದ ಆರು ಒತ್ತುಗಳು ಬಿಳಿಯ ತಗಡಿನ ಮೇಲೆ ಯಾರಿಗೋ ಕಾಯುತ್ತ ಕೂತವು. ಆನಂತರ ಅವುಗಳ ಮೇಲೆ ಅಕ್ಷರಗಳು ಬಂದು ನಿಂತವು.

"ಕೆಳಗಿನೋರಿಗೆ ಮೊದ್ಲು ಜಾಗ ನೋಡ್ಬೇಕು," ಎಂದರು ಕುಂಚ ಬಿಡದೆ. "ನಮ್ಮ ಉರ್ದುನಾಗೂ ಹಂಗೇ. ಚುಕ್ಕಿ ಎಲ್ಲಿ ಕೂತ್ಕೊಂತದೆ ಅಂತ ನೋಡ್ಕೊಂಡೇ ಕೈ ಇಡೋದು. ನಿಮ್ಮ ಇಸ್ಕೂಲಲ್ಲಿ ಹೇಳ್ಕೊಡ್ಲಿಲ್ವಾ?"

ಇಲ್ಲ ಎಂದೆ. ಮನೆಯಲ್ಲಿ ದಖನಿ ಉರ್ದು ಆಡುವ, ಕನ್ನಡವನ್ನು ಅಂಗಡಿಗಳ ಗೋಡೆಯ ಮೇಲೇ ಕಲಿತ ಈ ಮನುಷ್ಯನಿಗೆ ಕಂಡದ್ದು, ಅದೇ ಭಾಷೆಯಲ್ಲಿ ಹುಟ್ಟಿ ಅಳಲು ಕಲಿತ ನನಗೂ ಕೋಟಿನ ಮೇಷ್ಟ್ರಿಗೂ ಕಾಣಲಿಲ್ಲವಲ್ಲ, ಥೂ ನಮ್ಮ ವಿದ್ಯೆಗಿಷ್ಟು! ಕೆಂಪು ಅಕ್ಷರ, ಹಳದಿ ಅಂಚು, ಕರಿಯ ನೆರಳು ಎಲ್ಲವೂ ಬಂತು. ನೆರಳನ್ನು ತುಂಬಿಸಲು ನನ್ನ ಕೈಗೂ ಒಂದು ಕುಂಚ ಕೊಟ್ಟರು.

ಬೋರ್ಡು ಏರಿದ ಮಾರನೆಯ ದಿನವೇ ಸಂತೆ. ಬೆಳಗ್ಗೆ ಪರದೆ ಸರಿಸಿ ಒಬ್ಬಾಕೆ ಗಂಟಿನ ಸಮೇತ ಒಳಗೆ ಬಂದು, "ಒಸದಾಗಿ ಅಂಗಡಿ ಮಡಗಿದ್ರಾ? ಓದ ವಾರ ಇರ್ಲಿಲ್ವಲ್ಲ," ಎಂದಳು.

ಚಿಕ್ಕಮ್ಮ ನನ್ನ ಮುಖ ನೋಡಿದಳು. "ಹೂಂ ಕಣಮ್ಮ, ನೆನ್ನೆ ತಾನೇ ತೆಗ್ದೆ," ಎಂದು ಮಿಷನ್ನಿನ ಗೋಣಿಚೀಲ ಬಿಚ್ಚಿದಳು. ವಾರ ಕಳೆದು ಮೈದುನ ಬಂದಾಗ ಅವನಿಗೆ ಕೂರಲು ಜಾಗವಿರಲಿಲ್ಲ; ರವಿಕೆಯ ಬಟ್ಟೆ ಎಲ್ಲೆಲ್ಲೂ ಹರಡಿತ್ತು. ಬಾಗಿಲಲ್ಲೇ ಕಾಫಿ ಕುಡಿದು ದೊಡ್ಡಬಳ್ಳಾಪುರದ ಬಸ್ಸು ಹತ್ತಿದ.

ದಸರಾ ರಜೆಗೆ ಮುನ್ನ ಪ್ರಗತಿಯ ಶೀಟು ಒಪ್ಪಿಸುವ ದಿನ ಬಂತು. ಈ ಸಲ ಕೆಳಗಿನ ಗೆರೆಯನ್ನು ಮೊದಲು ಎಳೆದೆ. ಶೀಟಿನ ಮೇಲ್ಭಾಗದಲ್ಲಿ ಎರಡೇ ಸಾಲು ಬರೆದೆ: 'ಬರೆಯುವ ಮೊದಲು ಕೆಳಗೆ ಜಾಗ ಬಿಡುವುದನ್ನು ಕಲಿತೆ. ಕಲಿಸಿದವರು ನಮ್ಮೂರಿನ ಬೋರ್ಡು ಬರೆಯುವ ರಹೀಮ್ ಸಾಹೇಬರು.' ಮೂರು ವರ್ಷದಲ್ಲಿ ನಾನು ಸುಳ್ಳಿಲ್ಲದೆ ಬರೆದ ಮೊದಲ ಶೀಟು. ಮೇಷ್ಟ್ರು ಅದನ್ನು ಎರಡು ಬೆರಳಲ್ಲಿ ಹಿಡಿದು ಓದಿ, ಕೆಂಪು ಶಾಯಿಯಲ್ಲಿ, 'ಕೆಳಭಾಗದ ಜಾಗ ವ್ಯರ್ಥವಾಗಿದೆ' ಎಂದು ಬರೆದು, ಹತ್ತಕ್ಕೆ ಮೂರು ಕೊಟ್ಟರು. ತರಗತಿಗೇ ಕಡಿಮೆ.

ಹರಿದು ಬಿಸಾಡಬೇಕೆಂದು ಮನೆಗೆ ತಂದಿದ್ದ ಶೀಟನ್ನು ಚಿಕ್ಕಮ್ಮ ಕಿತ್ತುಕೊಂಡು ಅಂಗಡಿಯ ಗೋಡೆಗೆ ಮೊಳೆ ಹೊಡೆದಳು. ಅವಳಿಗೆ ಅಳತೆ ಚೀಟಿಗಳನ್ನು ಸಿಕ್ಕಿಸಲು ಒಂದು ಜಾಗ ಬೇಕಾಗಿತ್ತಂತೆ. ನನ್ನ ಎರಡು ಸಾಲಿನ ಕೆಳಗೆ, ಮೇಷ್ಟ್ರ ಕೆಂಪು ಶಾಯಿಯ ಮೇಲೆಯೇ, ಎದೆ ಇಷ್ಟು, ತೋಳು ಇಷ್ಟು ಎಂದು ಬರೆದ ಚೀಟಿಗಳನ್ನು ಗುಂಡುಪಿನ್ನಿನಲ್ಲಿ ಚುಚ್ಚುತ್ತ ಹೋದಳು. ದೀಪಾವಳಿಯ ಹೊತ್ತಿಗೆ ಅಲ್ಲಿ ಇನ್ನೊಂದಕ್ಕೆ ಎಡೆಯಿರಲಿಲ್ಲ.

ಕಣ್ಣು ಮುಚ್ಚುವ ಚಾಳಿ ಮಾತ್ರ ಬಿಟ್ಟಿಲ್ಲ. ಇವತ್ತು ಬೆಳಗ್ಗೆಯೂ ಸ್ಟೇಷನ್ನಿನಲ್ಲಿ ನಿಂತು, ರಹೀಮ್ ಸಾಹೇಬರು ಬರೆದ ಆ ಹೋಟೆಲಿನ ಬೋರ್ಡಿನತ್ತ ಕೈ ಚಾಚಿದೆ. ಹೆಬ್ಬೆರಳನ್ನು ಅಕ್ಷರಕ್ಕೆ ಹಿಡಿಯದೆ, ಅಡ್ಡ ಮಾಡಿ ಅದರ ಕೆಳಗೆ ಹಿಡಿದೆ. ಕಾಫಿ ಹೋಟೆಲಿನ ಯಜಮಾನರು ಈಗ ಗಾಬರಿಯಾಗುವುದಿಲ್ಲ. "ಇವತ್ತು ಎಷ್ಟು ಕೊಟ್ರಮ್ಮಾ?" ಎಂದು ಗಲ್ಲಾದಿಂದಲೇ ಕೂಗಿದರು.

"ಅದು ನನಗಿಂತ ಚೆನ್ನಾಗಿ ಬರೆಯೋರ ಬೋರ್ಡು ಕಣ್ರೀ," ಎಂದು ಕೂಗಿ ರೈಲು ಹತ್ತಿದೆ.