ಓಣಿಯ ಮಗ್ಗಗಳನ್ನು ನಿಲ್ಲಿಸಿದ ಮಧ್ಯಾಹ್ನ

ಕೃಷ್ಣಾ ಹೊಳೆ ರಬಕವಿಯ ಕೆಳಗಿನ ಓಣಿಗಳಿಗೆ ನುಗ್ಗಿ ಇಳಿದುಹೋದ ವರ್ಷದ ಮಾತಿದು. ನೀರು ಸರಿದ ಮೇಲೆ ಬಿಸಿಲು ಬಿತ್ತು. ಗಂಡಾಂತರ ಮುಗಿಯಿತು ಎಂದುಕೊಂಡು ನಾವು ಮತ್ತೆ ಮಗ್ಗ ಶುರು ಮಾಡಿದೆವು.

ನಮ್ಮ ಓಣಿಯ ತುದಿಗೆ ಸಣ್ಣದೊಂದು ಹಳೆಯ ಚರ್ಚ್ ಇತ್ತು. ಮುತ್ತಜ್ಜನ ಕಾಲದಲ್ಲಿ ಕ್ರೈಸ್ತರಾದ ನೇಕಾರರು ತಾವೇ ಕಲ್ಲು ಹೊತ್ತು, ಮಣ್ಣು ಮೆತ್ತಿ ಕಟ್ಟಿದ್ದು. ನಾವು ಲಿಂಗ ಕಟ್ಟುವವರು. ಆದರೂ ಅವರ ಹಬ್ಬದ ಕೇಕು ನಮ್ಮ ಮನೆಗೆ, ನಮ್ಮ ಹೋಳಿಗೆ ಅವರ ಮನೆಗೆ. ಚರ್ಚಿನ ಕಸ ಗುಡಿಸುತ್ತಿದ್ದವಳು ನನ್ನ ಗೆಳತಿ ಎಸ್ತೇರವ್ವ. ನಾವು ದುಡಿಯುತ್ತಿದ್ದ ಪವರ್‌ಲೂಮ್ ಶೆಡ್ಡಿನಲ್ಲಿ ಅವಳ ಮಗ್ಗ ನನ್ನ ಮಗ್ಗದ ಎದುರಿಗೇ ಇತ್ತು.

ಪವರ್‌ಲೂಮ್ ಸದ್ದು ಕೇಳದವರಿಗೆ ಒಂದು ಮಾತು ಹೇಳಬೇಕು. ಶೆಡ್ಡಿನಲ್ಲಿ ಎಷ್ಟು ಅರಚಿದರೂ ದಂಡ. ಅಲ್ಲಿ ಕೈಸನ್ನೆಯೇ ಮಾತು. ಅಂಗೈ ತೋರಿಸಿ ಕೈ ಎತ್ತಿದರೆ 'ನಿನ್ನ ಮಗ್ಗದಲ್ಲಿ ಎಳೆ ಹರಿದಿದೆ, ನಿಲ್ಲಿಸು' ಎಂದು. ಯಾಕೆ, ಏನು ಎಂದು ಕೇಳದೆ ನಿಲ್ಲಿಸಿಬಿಡಬೇಕು. ವರ್ಷಗಟ್ಟಲೆ ಹೀಗೆ ದುಡಿದು ನಮ್ಮಿಬ್ಬರ ಕಿವಿಯೂ ಮಂದವಾಗಿದ್ದವು.

ಆ ಶನಿವಾರ ಮಧ್ಯಾಹ್ನ ಎಸ್ತೇರವ್ವ ಮಗ್ಗ ಬಂದ್ ಮಾಡಿ ಹೊರಗೆ ಬಂದಳು. ನಾನೂ ಹಿಂದೆ ಬಂದೆ.

"ಎಲ್ಲಿಗೆ ಹೊಂಟಿ ಬೇ?"

"ಚರ್ಚಿಗೆ. ಮೇಜಿನ ಮ್ಯಾಲಿನ ಹಾಸು ಹಸಿ ಆಗಿ ಬೂಷ್ಟ ಹಿಡ್ಯಾಕತ್ತೈತಿ. ಬಿಸಲಿಗೆ ಹಾಕಿ ಬರ್ತೀನಿ. ನಾಳೆ ಪ್ರಾರ್ಥನಾ ಐತಲ್ಲ."

"ಗ್ವಾಡಿ ಹಸಿ ಅದಾವು, ಒಳಗ ಹೋಗಬ್ಯಾಡ್ರಿ ಅಂತ ನಿಮ್ಮ ಚರ್ಚಿನ ಅಯ್ಯನೋರು ಹೇಳ್ಯಾರಿಲ್ಲೋ?"

"ಅದು ಮಳ್ಯಾಗ ಹೇಳಿದ್ದು. ಈಗ ಬಿಸಲು ಬಿದ್ದೈತಿ. ನಮ್ಮ ಮುತ್ಯಾ ಹೊತ್ತ ಕಲ್ಲು ನನ್ನ ಮ್ಯಾಲೆ ಬೀಳ್ತಾವೇನ? ಭಾಳ ಅಂಜುಬುರುಕಿ ಬಿಡು ನೀ," ಎಂದು ನಕ್ಕು ನಡೆದಳು. ಆ ಬಿಳಿ ಹಾಸನ್ನು ಅವಳೇ ಕೈಮಗ್ಗದಲ್ಲಿ ನೇಯ್ದು ಕೊಟ್ಟಿದ್ದಳು. ಅದರ ಮೇಲೆ ಅವಳಿಗೆ ಜೀವ.

ನನಗೆ ಮೈಯೆಲ್ಲ ಉರಿಯಿತು. ಹೋಗಿ ಸಾಯಲಿ ಎಂದುಕೊಂಡೆ. ಸಿಟ್ಟು ಬಂದರೆ ಏನೇನೋ ಅಂದುಕೊಳ್ಳುವ ಚಾಳಿ ನನ್ನದು. ಆದರೂ ಮನಸ್ಸು ತಡೆಯದೆ ತುಸು ಹೊತ್ತಿನಲ್ಲಿ ನಾನೂ ಹೋದೆ. ಚರ್ಚಿನ ಆ ತುದಿಯಲ್ಲಿ ಅವಳು ಹಾಸು ಮಡಚುತ್ತಿದ್ದಳು. ಬೈದು ಎಳೆದು ತರೋಣವೆಂದು ಹೊಸ್ತಿಲು ದಾಟಿದೆ. ಅವಳು ತಲೆ ಎತ್ತಿದಳು. ನನ್ನನ್ನಲ್ಲ, ನಮ್ಮಿಬ್ಬರ ನಡುವಿನ ಪಕ್ಕದ ಗೋಡೆಯನ್ನು ನೋಡಿದಳು. ಹಾಸು ಕೈಬಿಟ್ಟು, ಅಂಗೈ ತೋರಿಸಿ ಕೈ ಎತ್ತಿದಳು.

ನಾನು ನಿಂತೆ. ಯೋಚಿಸಿ ನಿಲ್ಲಲಿಲ್ಲ, ಮಗ್ಗದ ಮುಂದಿನ ರೂಢಿಯಂತೆ ನಿಂತೆ. ಮರುಕ್ಷಣ ನನ್ನ ಮುಂದೆಯೇ ಗೋಡೆ ಕುಸಿಯಿತು. ಅದರ ಜೊತೆ ಚಾವಣಿಯೂ ಅವಳ ಮೇಲೆ ಬಿತ್ತು. ಆಮೇಲೆ ಬರೀ ಧೂಳು.

ಓಣಿಗೆ ಬಂದು ಬಾಯಿ ಬಾಯಿ ಬಡಿದುಕೊಂಡೆ. ಒಬ್ಬರೂ ಬರಲಿಲ್ಲ. ಅಯ್ಯೋ ಶಿವನೇ, ಗೋಡೆ ಬಿದ್ದದ್ದೇ ಕೇಳದವರಿಗೆ ನನ್ನ ಕೂಗು ಕೇಳೀತೇ? ಎಲ್ಲ ಶೆಡ್ಡುಗಳಲ್ಲೂ ಮಗ್ಗ ಬಡಿಯುತ್ತಿದ್ದವು. ಆಗ ನಮ್ಮ ಶೆಡ್ಡಿಗೆ ಓಡಿ ಮೇನ್ ಸ್ವಿಚ್ ಎಳೆದೆ. ಪಕ್ಕದ ಶೆಡ್ಡಿನದೂ ಎಳೆದೆ. ಸದ್ದಿಗೆ ತಲೆ ಕೆಡಿಸಿಕೊಳ್ಳದ ನಮ್ಮ ಜನ, ಸದ್ದು ನಿಂತರೆ ಮಾತ್ರ ಗಾಬರಿಯಾಗುತ್ತಾರೆ. ಎಲ್ಲರೂ ಹೊರಬಂದರು.

"ಯಾಂವಲೇ ಅಂವ, ಸ್ವಿಚ್ ತಗದಾಂವ?" ಎಂದು ಶೆಡ್ಡಿನ ಮಾಲೀಕರು ಕೂಗಾಡಿದರು.

"ನಾನ ರೀ! ಎಸ್ತೇರವ್ವ ಗ್ವಾಡಿ ಕೆಳಗ ಸಿಕ್ಕಾಳ, ಬರ್ರೀ!"

ಕೂಗಾಡಿದ ಮಾಲೀಕರೇ ಎಲ್ಲರಿಗಿಂತ ಮೊದಲು ಕಲ್ಲಿಗೆ ಕೈ ಹಾಕಿದರು. ಹೊರತೆಗೆದಾಗ ಉಸಿರಿತ್ತು. ಜಮಖಂಡಿ ದವಾಖಾನೆಗೆ ಒಯ್ಯುವಾಗ ಅವಳ ತಲೆ ನನ್ನ ತೊಡೆಯ ಮೇಲಿತ್ತು. ತುಟಿ ಅಲುಗಿದವು. ದನಿ ಬರದಿದ್ದರೂ ನನಗೆ ತಿಳಿಯಿತು: "ಹಾಸು ಒಣಗಸ ಬೇ." ದವಾಖಾನೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

ಪ್ರಾರ್ಥನೆ ಮಾಡಲು ಚರ್ಚೇ ಉಳಿದಿರಲಿಲ್ಲ. ಮಾಲೀಕರು ಮಗ್ಗಗಳನ್ನು ನಿಲ್ಲಿಸಿ, ಅವಳ ಶವಪೆಟ್ಟಿಗೆಯನ್ನು ಶೆಡ್ಡಿನಲ್ಲೇ ಇರಿಸಿದರು. ಅಯ್ಯನವರು ಅಲ್ಲಿಯೇ ಪ್ರಾರ್ಥಿಸಿದರು. ಕಲ್ಲಿನಡಿಯಿಂದ ತೆಗೆದ ಹಾಸನ್ನು ಒಗೆದು ಒಣಗಿಸಿ ಅವಳ ಮೇಲೆ ಹೊದಿಸಿದವಳು ನಾನು.

ಮಣ್ಣು ಮಾಡಿ ಬಂದು ಚರ್ಚಿನ ಹತ್ತಿರ ಹೋಗಿ ನೋಡಿದೆ. ಎಲ್ಲ ಬಿದ್ದಿತ್ತು, ಹಿಂಬಾಗಿಲಿನ ಚೌಕಟ್ಟೊಂದೇ ನಿಂತಿತ್ತು. ಅವಳು ನಿಂತಿದ್ದ ಜಾಗಕ್ಕೆ ಅಂಟಿಕೊಂಡೇ ಇತ್ತು ಅದು. ನನಗೆ ಕೈ ಎತ್ತಿದ ಹೊತ್ತಿನಲ್ಲಿ ಅವಳು ಹೊರಗೆ ಓಡಬಹುದಿತ್ತು.

ಈಗ ಅವಳ ಮಗ್ಗದ ಮುಂದೆ ಬೇರೊಬ್ಬಳಿದ್ದಾಳೆ. ಎಳೆ ಹರಿದರೆ ಅವಳೂ ಅಂಗೈ ತೋರಿಸುತ್ತಾಳೆ. ನಾನು ಮಗ್ಗ ನಿಲ್ಲಿಸುತ್ತೇನೆ. ಎಳೆ ಕಟ್ಟಿದ ಮೇಲೂ ಮತ್ತೆ ಶುರು ಮಾಡಲು ನನ್ನ ಕೈ ಹಿಂಜರಿಯುತ್ತದೆ.