ದೊಡ್ಡಮ್ಮನ ಕೋಳಿಗೊಬ್ಬ ಹಕ್ಕುದಾರ

ಕ್ಷಮಿಸುವುದು ದೊಡ್ಡ ಗುಣವಂತೆ. ನನಗೆ ಅದು ಇಲ್ಲ, ಮೊದಲೇ ಹೇಳಿಬಿಡುತ್ತೇನೆ.

ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಹೇಳುವ ತುಳು ಹಾಡುಗಳನ್ನು ದೊಡ್ಡಮ್ಮ ಉದ್ಯಾವರದ ನಮ್ಮ ಅಂಗಳದಲ್ಲಿ ಕೂತು ಹಾಡಿದ್ದರು. ಮೊಬೈಲಿನಲ್ಲಿ ಹಿಡಿದು ನನ್ನ ಚಾನೆಲ್ಲಿಗೆ ಹಾಕಿದ್ದೆ. ಆ ಮೊಬೈಲು ಕಾಪುವಿನಲ್ಲಿ ಕಡಲಿಗೆ ಬಿತ್ತು. ದೊಡ್ಡಮ್ಮನಿಗೋ, ಈಗ ಎರಡು ಸಾಲು ದಾಟಿದರೆ ಮರೆವು. ಹಾಡುಗಳು ಉಳಿದದ್ದು ಚಾನೆಲ್ಲಿನಲ್ಲಿ ಮಾತ್ರ.

ಹಾಗಿರುವಾಗ ಕಾರ್ಕಳದ ಸ್ಟುಡಿಯೋ ಯಜಮಾನರೊಬ್ಬರು ಅದರಲ್ಲೊಂದನ್ನು ಎತ್ತಿ, ಪಿಟೀಲು ಸೇರಿಸಿ, ಯಾರಿಂದಲೋ ಹಾಡಿಸಿ, ನನ್ನ ವಿಡಿಯೋದ ಮೇಲೆಯೇ ಕಾಪಿರೈಟ್ ದೂರು ಕೊಟ್ಟರು. ವಿಡಿಯೋ ಮಾಯ. ವಾರದೊಳಗೆ ಇನ್ನೊಂದರ ಮೇಲೂ ದೂರು. ಮೂರನೆಯದು ಬಿದ್ದರೆ ಚಾನೆಲ್ಲೇ ಅಳಿಸಿಹೋಗುತ್ತದೆ. ಫೋನ್ ಮಾಡಿದೆ.

"ಎಂತ ಮಾಡುವುದು ಮಾರಾಯ್ರೆ, ಸಾಹಿತ್ಯ ನನ್ನದು," ಎಂದರು ತಣ್ಣಗೆ. "ಉಳಿದ ಹಾಡುಗಳನ್ನೂ ನಮ್ಮ ಹೆಸರಿಗೆ ಬರೆದುಕೊಡಿ, ದೂರು ವಾಪಸು ತೆಗೆಯುವ. ಇಲ್ಲದಿದ್ದರೆ ಇನ್ನೊಂದು ಉಂಟು."

ಹಲ್ಲು ಕಚ್ಚಿಕೊಂಡು ಅವರ ಹಾಡು ಕೇಳಿದೆ. ನಡುವೆ ಗಾಯಕಿ ಕಣ್ಣು ಮುಚ್ಚಿ "ಪೋ ಕೋರಿ, ಪೋ ಕೋರಿ" ಎಂದು ನಾಲ್ಕು ಸಲ ಎಳೆಯುತ್ತಾಳೆ. ಹೋಗು ಕೋಳಿ! ಅದು ಹಾಡಿನ ಸಾಲೇ ಅಲ್ಲ. ಅಂಗಳದಲ್ಲಿ ಒಣಗಲು ಹಾಕಿದ ಭತ್ತಕ್ಕೆ ಕೋಳಿ ಬಾಯಿ ಹಾಕಿತ್ತು. ದೊಡ್ಡಮ್ಮ ರಾಗ ಬಿಡದೆಯೇ ಅದನ್ನು ಓಡಿಸಿದ್ದರು.

ಮರುದಿನ ದೊಡ್ಡಮ್ಮನನ್ನು ಬಸ್ಸು ಹತ್ತಿಸಿ ಕಾರ್ಕಳಕ್ಕೆ ಹೋದೆ. ಹೊಸ ಮೊಬೈಲನ್ನು ಯಜಮಾನರ ಮೇಜಿನ ಮೇಲೆ ಎದುರೇ ನಿಲ್ಲಿಸಿದೆ.

"ಧಾರಾಳ ರೆಕಾರ್ಡ್ ಮಾಡಿ, ನನಗೆಂತ ಹೆದರಿಕೆ?" ಎಂದು ಕಾಲರ್ ಸರಿಮಾಡಿಕೊಂಡರು.

"ಈ ಪೋ ಕೋರಿ ಅಂದರೆ ಎಂತದು?"

"ಅದು ಗೂಢಾರ್ಥ. ಕೋಳಿ ಎಂದರೆ ಆತ್ಮ. ದೇಹ ಬಿಟ್ಟು ಹೋಗು ಎಂದು. ಬರೆಯುವಾಗ ನನಗೇ ಕಣ್ಣೀರು ಬಂದಿತ್ತು."

"ಆತ್ಮ ಅಲ್ಲ ಮಗಾ," ಎಂದರು ದೊಡ್ಡಮ್ಮ, ಬಹಳ ಪ್ರೀತಿಯಿಂದ. "ಅದು ನಮ್ಮ ಕುಂಟು ಹೇಂಟೆ. ನಿನ್ನ ಆತ್ಮ ಎಂದು ಗೊತ್ತಿದ್ದರೆ ಸಾರು ಮಾಡುತ್ತಿರಲಿಲ್ಲ."

ಯಜಮಾನರ ಮುಖ ಸುಟ್ಟ ಬದನೆಯಾಯಿತು. ನಾವು ಎದ್ದು ನಿಲ್ಲುವ ಮೊದಲೇ ಎರಡೂ ದೂರು ವಾಪಸು ತೆಗೆದರು. "ಇದನ್ನು ಮಾತ್ರ ಎಲ್ಲಿಯೂ ಹಾಕಬೇಡಿ, ಆಯ್ತಾ?" ಎಂದರು. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ವಿಡಿಯೋಗಳು ಮರಳಿ ಬರುವ ತನಕ ಕಾದೆ. ಬಂದ ಗಳಿಗೆಯಲ್ಲೇ ಅವರ ಆತ್ಮವಿಚಾರವನ್ನು ಇಡಿಯಾಗಿ ಹಾಕಿದೆ. ಪೆರ್ಡೂರಿನಿಂದ ಮಣಿಪಾಲದವರೆಗೆ ಜನ ಕಳಿಸಿಕೊಂಡು ನಕ್ಕರು.

"ತೆಗೀರಿ ಮಾರಾಯ್ರೆ, ಮಾನ ಹೋಯಿತು," ಎಂದು ಅವರ ಫೋನು.

"ದೂರು ಕೊಡಿ," ಎಂದೆ. "ಈ ಸಲ ಮಾತು ನಿಜಕ್ಕೂ ನಿಮ್ಮದೇ."