ನಿಂಗವ್ವತ್ತೆಯ ರುಮಾಲು

ಕಳೆದ ವಾರ ತಿಕೋಟಾದ ಕುಸ್ತಿ ಕಣದಲ್ಲಿ ಸಂಘಟಕರು ಮೈಕಿನಲ್ಲಿ ಒಂದು ಸುಳ್ಳು ಹೇಳಿದರು: “ಈ ಭಾಗದಾಗ ಹೆಣ್ಮಕ್ಕಳ ಕುಸ್ತಿ ಇದ ಮೊದಲು.” ಮಜ್ಜಿಗೆ, ಅರಿಸಿನ ಕಲಸಿದ ಕೆಂಪು ಮಣ್ಣಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದು ನನ್ನ ಸೋದರತ್ತೆ ನಿಂಗವ್ವನ ಮೈವಾಸನೆ.

ಅತ್ತೆಗೆ ಕುಸ್ತಿಯೇ ಹೊಟ್ಟೆಪಾಡು. ಮಿರಜ್, ಕೊಲ್ಲಾಪುರದವರೆಗೂ ಹೋಗಿ ಆಡಿ ಬರುತ್ತಿದ್ದಳು. ಬೆಳಿಗ್ಗೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಬೈಠಕ್ ಹೊಡೆಯುವಳು. “ಅಲಗಾಡಬ್ಯಾಡ ಬೇ, ಉಸುರು ತಪ್ಪತೈತಿ” ಎಂದು ಗದರುವಳು.

ಒಮ್ಮೆ ಇದೇ ಕಣದಲ್ಲಿ, ಸಾಂಗಲಿಯಿಂದ ಬಂದ ಹೆಂಗಸೊಬ್ಬಳನ್ನು ಅವಳು ಚಿತ್ ಮಾಡಿದಳು. ಗೆದ್ದವರಿಗೆ ಜರಿ ರುಮಾಲು ಸುತ್ತುವುದು ರೂಢಿ. ರುಮಾಲು ಹಿಡಿದು ಬಂದ ಹಿರಿಯರೊಬ್ಬರು ಅವಳ ಮುಂದೆ ತಡವರಿಸಿದರು.

“ಹೆಣ್ಮಕ್ಕಳ ತಲಿಗೆ ರುಮಾಲ ಹೆಂಗ ಸುತ್ತೂದು? ಅಣ್ಣ ಅದಾನಲ್ಲ, ಅವಗ ಸುತ್ತೂಣು” ಎಂದರು.

“ಕುಸ್ತಿ ಹಿಡದಾಕಿ ನಾನು. ನಮ್ಮಣ್ಣಗ ಜ್ವಾಳದ ಚೀಲ ಎತ್ತಾಕೂ ಆಗೂದಿಲ್ರಿ!” ಎಂದಳು ಅತ್ತೆ.

ಜನ ನಕ್ಕರು. ರುಮಾಲು ಮಾತ್ರ ನನ್ನಪ್ಪನ ತಲೆಗೇ ಏರಿತು.

ಮನೆಗೆ ಬಂದೊಡನೆ ಅಪ್ಪ ಅದನ್ನು ಬಿಚ್ಚಿ ತಂಗಿಯ ತಲೆಗೆ ಸುತ್ತಿದ. ಅವಳು ಅದನ್ನು ಸುತ್ತಿಕೊಂಡೇ ಒಲೆಯ ಮುಂದೆ ಕೂತು ರೊಟ್ಟಿ ಬಡಿದಳು. ಅವ್ವ ಎಷ್ಟು ಹೇಳಿದರೂ ತೆಗೆಯಲಿಲ್ಲ.

ಗೆದ್ದವರ ಹೆಸರಿನ ಫಲಕ ಕಣದ ಕಟ್ಟೆಯ ಮೇಲೆ ಇಂದಿಗೂ ಇದೆ. ಅದರಲ್ಲಿ ಅತ್ತೆಯ ಹೆಸರಿಲ್ಲ, ಅಪ್ಪನ ಹೆಸರಿದೆ. ಬದುಕಿಡೀ ಹೊಲಿಗೆ ಯಂತ್ರ ತುಳಿದ ನನ್ನಪ್ಪ ಒಂದು ದಿನವೂ ಕಣಕ್ಕಿಳಿದವನಲ್ಲ. ಸಂಘಟಕರೇ, ಅವನು ಅಂದು ಯಾರನ್ನು ಕೆಡವಿದ? ಸುಳ್ಳು ಹೇಳಿದ ಅದೇ ಮೈಕಿನಲ್ಲಿ, ಊರ ಮುಂದೆ ಉತ್ತರ ಹೇಳಿ.